ಬೆಂಕಿ ಆರಿದ ಮೇಲೆ

“ಮೇಷ್ಟ್ರೇ, ಇಲಿಯ ಶ್ವಾಸಕೋಶದಲ್ಲಿ ಒಂದು ರೋಗಾಣುವೂ ಉಳಿದಿರಲಿಲ್ಲ. ಆದರೂ ಇಲಿ ಸತ್ತಿತು. ಕೊಂದವರು ಯಾರು?”

ಕೇಳಿದವಳು ಕಾತ್ಯಾಯಿನಿ. ಶ್ವಾಸಕೋಶದ ಸೋಂಕಿನ ಮೇಲೆ ವರ್ಷಗಳಿಂದ ಸಂಶೋಧನೆ ಮಾಡುತ್ತಿದ್ದಳು. ಮೇಷ್ಟ್ರು ಒಂದು ಕಾಲಕ್ಕೆ ಅವಳಿಗೆ ವೈದ್ಯಶಾಸ್ತ್ರ ಕಲಿಸಿದವರು.

“ಉತ್ತರ ಇಟ್ಟುಕೊಂಡೇ ಬಂದಿದ್ದೀಯ. ಹೇಳು” ಎಂದರು ಮೇಷ್ಟ್ರು.

“ದೇಹದ ಕಾವಲು ಕಣಗಳೇ ಕೊಂದವು. ರೋಗಾಣು ಸತ್ತ ಮೇಲೂ ಸಾಲುಗಟ್ಟಿ ಬಂದವು. ಉಸಿರಿನ ಗೂಡುಗಳನ್ನೆಲ್ಲ ಕೆಡವಿದವು. ವಾರ್ಡಿನಲ್ಲಿರುವ ರೋಗಿಗಳಿಗೂ ಹೀಗೇ ಆಗುತ್ತಿದೆ. ಆ ಕಣಗಳ ಕೈ ಕಟ್ಟುವ ಮದ್ದು ನನ್ನಲ್ಲಿದೆ. ಸೋಂಕು ತಗಲಿದ ದಿನವೇ ಕೊಡಿ ಎಂದು ನಾಳೆ ಆಸ್ಪತ್ರೆಯವರಿಗೆ ಹೇಳಬೇಕೆಂದಿದ್ದೇನೆ. ಸಾಕಾಗಿದೆ ಮೇಷ್ಟ್ರೇ. ಹೇಳಿ ಮುಗಿಸಿಬಿಡಲೇ?”

“ಸಾಕಾಗಿರುವುದು ನಿನಗೆ. ಮದ್ದು ಕುಡಿಯುವವರು ರೋಗಿಗಳು. ಕೂತುಕೋ.”

ಅವಳು ಕೂತಳು. ಮೇಷ್ಟ್ರು ಹೇಳಿದರು.

ಒಂದು ಊರು. ಅಲ್ಲಿ ಕುಂಬಾರರ ಕೇರಿ. ಮನೆಗಳೆಲ್ಲ ಹುಲ್ಲಿನವು, ಪಕ್ಕದಲ್ಲೇ ಮಡಕೆ ಸುಡುವ ಆವಿಗೆ. ಆವಿಗೆಯ ಕಿಡಿ ಹಾರಿದರೆ ಮನೆ ಹತ್ತಿಕೊಳ್ಳುತ್ತಿತ್ತು. ಆಗ ತಮಟೆ ಬಡಿಯುತ್ತಿದ್ದರು. ಗಂಡಸರು ಉದ್ದನೆಯ ಕೊಕ್ಕೆ ಹಿಡಿದು ಅಕ್ಕಪಕ್ಕದ ಸೂರು ಹತ್ತುತ್ತಿದ್ದರು. ಹುಲ್ಲನ್ನು ಎಳೆದು ಕೆಡವುತ್ತಿದ್ದರು. ಮುಂದೆ ಉರಿಯಲು ಏನೂ ಸಿಗದೆ ಬೆಂಕಿ ಸಾಯುತ್ತಿತ್ತು. ತಮಟೆ ನಿಲ್ಲುವವರೆಗೆ ಯಾರೂ ಕೆಳಗಿಳಿಯಬಾರದು. ಎಲ್ಲರೂ ಇಳಿಯುವವರೆಗೆ ತಮಟೆಯವನು ನಿಲ್ಲಿಸಬಾರದು. ಹಿರಿಯರು ಮಾಡಿದ ಕಟ್ಟಳೆ. ಆಗ ಮನೆಗಳು ಕಡಿಮೆ. ಕೆಡವಲು ಸೂರಿಲ್ಲದಾಗ ಕೆಲಸ ತಾನೇ ಮುಗಿಯುತ್ತಿತ್ತು.

ಕೇರಿ ಬೆಳೆಯಿತು. ಕಟ್ಟಳೆ ಹಾಗೆಯೇ ಉಳಿಯಿತು.

ಒಂದು ಬೇಸಿಗೆ ಬೆಂಕಿ ಬಿತ್ತು. ತಮಟೆ ಕೂಗಿತು. ಜನ ಹತ್ತಿದರು. ಒಂದು ಮನೆ ಸುಟ್ಟು ಬೆಂಕಿ ಆರಿತು. ಆದರೆ ಎಳೆದ ಹಳೆಯ ಹುಲ್ಲಿನಿಂದ ಧೂಳು ಎದ್ದಿತ್ತು. ದೂರದವರಿಗೆ ಅದು ಹೊಗೆಯಂತೆ ಕಂಡಿತು. ಅವರೂ ಕೊಕ್ಕೆ ತಂದರು. ಅವರು ಕೆಡವಿದ ಸೂರಿನಿಂದ ಇನ್ನಷ್ಟು ಧೂಳು. ಇನ್ನಷ್ಟು ಜನ. ಕೇರಿಯ ಕೊನೆಯ ಮನೆಯಲ್ಲಿ ಒಬ್ಬ ಕುಂಬಾರನ ತಾಯಿ ಹಾಸಿಗೆ ಹಿಡಿದಿದ್ದಳು. ಆ ಮನೆಯ ಸೂರನ್ನೂ ಎಳೆದರು. ತೊಲೆ ಅವಳ ಮೇಲೆ ಬಿತ್ತು.

ಮಗ ಬೇರೆಯವರ ಸೂರಿನ ಮೇಲಿದ್ದ. ಸುದ್ದಿ ಕೇಳಿ ಇಳಿದು ಓಡಿದ. ತಾಯಿಯ ಉಸಿರು ನಿಂತಿತ್ತು. ತಮಟೆ ಇನ್ನೂ ಬಡಿಯುತ್ತಿತ್ತು. ಅವನು ಹೋಗಿ ತಮಟೆಯವನ ಕೈ ಹಿಡಿದ.

“ಬೆಂಕಿ ಆರಿದ್ದು ನಿನಗೆ ಕಾಣಲಿಲ್ಲವೇನೋ?”

“ಕಂಡಿತಣ್ಣ. ನೀನೇ ಇನ್ನೂ ಇಳಿದಿರಲಿಲ್ಲವಲ್ಲ.”

ಮೇಷ್ಟ್ರು ನಿಲ್ಲಿಸಿದರು. ಕೆಮ್ಮಿದರು.

“ಇಷ್ಟೇ ನಾನೂ ಹೇಳುವುದು. ಆ ಕೊಕ್ಕೆಗಳನ್ನು ಮೊದಲೇ ಕಸಿದುಕೊಳ್ಳಬೇಕಿತ್ತು” ಎಂದಳು ಕಾತ್ಯಾಯಿನಿ.

“ಕುಂಬಾರನೂ ಅದನ್ನೇ ಹೇಳಿದ. ಅವಸರ ಬೇಡ, ಕೇಳು.”

ಕುಂಬಾರ ಊರ ಗೌಡನ ಮುಂದೆ ಅತ್ತ. ಗೌಡ ಕೊಕ್ಕೆಗಳನ್ನೆಲ್ಲ ತರಿಸಿದ. ಚಾವಡಿಯಲ್ಲಿ ಹಾಕಿ ಬೀಗ ಜಡಿದ. ಇನ್ನು ಯಾರ ಮನೆಯನ್ನೂ ಯಾರೂ ಕೆಡವುವಂತಿಲ್ಲ ಎಂದ. ಊರಿಗೆ ಸಮಾಧಾನವಾಯಿತು. ಕುಂಬಾರ ಹೊಸ ಮನೆ ಕಟ್ಟಿದ. ಅವನ ಹೆಂಡತಿ ಹೆತ್ತಳು.

ಮರುವರ್ಷ ಮತ್ತೆ ಕಿಡಿ ಹಾರಿತು. ಗಂಡಸರು ಓಡಿ ಬಂದರು. ಬರಿಗೈ. ಬೀಗದ ಕೈ ಗೌಡನ ಸೊಂಟದಲ್ಲಿತ್ತು, ಗೌಡ ಸಂತೆಗೆ ಹೋಗಿದ್ದ. ಬೀಗ ಒಡೆದು ಕೊಕ್ಕೆ ತರುವಷ್ಟರಲ್ಲಿ ಕೇರಿ ಮುಗಿದಿತ್ತು. ಕುಂಬಾರನ ಹೆಂಡತಿ ಹೊರಗೆ ಬಂದಳು. ಕೂಸು ಬರಲಿಲ್ಲ.

ಕಥೆ ಅಲ್ಲಿಗೆ ಮುಗಿಯಿತು. ಕಾತ್ಯಾಯಿನಿ ಮುಂದಕ್ಕೆ ಬಾಗಿ ಕೇಳಿದಳು:

“ಕೊಕ್ಕೆ ಕೊಟ್ಟರೆ ತಾಯಿ ಸತ್ತಳು. ಕಸಿದರೆ ಕೂಸು ಸತ್ತಿತು. ನಾಳೆ ನಾನು ಏನೆಂದು ಹೇಳಲಿ ಮೇಷ್ಟ್ರೇ? ಇನ್ನು ಹುಡುಕುವುದಕ್ಕಾದರೂ ಏನು ಉಳಿದಿದೆ?”

ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಹೇಳಿದರು:

“ಆ ಊರಿನಲ್ಲಿ ತಮಟೆ ಬಡಿಯುವವನಿದ್ದ, ಕೊಕ್ಕೆ ಹಿಡಿಯುವವರಿದ್ದರು, ಬೀಗ ಹಾಕುವವನೂ ಇದ್ದ, ‘ಬೆಂಕಿ ಆರಿತು, ಇಳಿಯಿರಿ’ ಎನ್ನುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ.”