ಏಳು ವರದಿ, ಒಂದೇ ಕೊಕ್ಕು

ಹಲವರ ಅಧ್ಯಯನಗಳನ್ನು ಕೂಡಿಸಿ ಒಂದು ತೀರ್ಮಾನಕ್ಕೆ ಬರುವುದು ಹೇಗೆಂದು ಕಲಿಸಲು ಅಳಿಲು ಕಾರ್ಯಾಗಾರ ಹಮ್ಮಿಕೊಂಡಿತು. ಊಟಕ್ಕೆ ಬಾವಿಕಟ್ಟೆಯ ಮರದ ಮಾವಿನ ಹಣ್ಣೇ ಎಂದು ನಿಶ್ಚಯವಾಯಿತು. ಅದು ಸಿಹಿಯೆಂದು ಏಳು ಹಕ್ಕಿಗಳು ವರದಿ ಕೊಟ್ಟಿದ್ದವು.

"ತಿಂದು ನೋಡಿದವರು ಯಾರು?" ಎಂದಿತು ಕಲಿಯಲು ಬಂದಿದ್ದ ಇರುವೆ.

"ಏಳು ವರದಿ ಸಾಲದೇನು?" ಎಂದು ಗದರಿದರೂ ಅಳಿಲು ಹಕ್ಕಿಗಳನ್ನು ವಿಚಾರಿಸಿತು.

"ನನಗೆ ಮೈನಾ ಹೇಳಿತು," ಎಂದಿತು ಕಾಗೆ.

"ನನಗೆ ಗಿಳಿ," ಎಂದಿತು ಮೈನಾ. ಉಳಿದ ನಾಲ್ಕಕ್ಕೂ ಹೇಳಿದ್ದು ಗಿಳಿಯೇ.

"ಹೋದ ವರ್ಷ ಒಂದೇ ಒಂದು ಹಣ್ಣು ಕುಕ್ಕಿದ್ದೆ," ಎಂದಿತು ಗಿಳಿ.

ಅಳಿಲು ಸರಸರನೆ ಮರ ಹತ್ತಿ ಹಣ್ಣು ಕಚ್ಚಿತು. ಹುಳಿಗೆ ಬಾಲವೇ ನಿಮಿರಿತು. ಕಣ್ಣೊರೆಸಿಕೊಂಡು ನಕ್ಕಿತು: "ಇರುವೆಯಕ್ಕ, ಮೊದಲ ಪಾಠ ನೀನೇ ಮಾಡು. ಹಣ್ಣು ಇದೇ ಇರಲಿ. ಊಟಕ್ಕಲ್ಲ, ಪಾಠಕ್ಕೆ!"