ಸೆರೆಮನೆ ಬಾಗಿಲ ಗಡಿಗೆ

“ಗುರುಗಳೇ, ನಮ್ಮ ಸೀಮೆಯಲ್ಲಿ ಈ ವರ್ಷ ಸೆರೆಮನೆ ಸೇರಿದವರ ಸಂಖ್ಯೆ ಇಮ್ಮಡಿಯಾಗಿದೆಯಂತೆ. ಜನ ಅಷ್ಟೊಂದು ಕೆಟ್ಟರೇ?” ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಬುಟ್ಟಿ ಹೆಣೆಯುವವನೊಬ್ಬನಿದ್ದ. ಕರು ಕದ್ದನೆಂದು ಅವನ ಮೇಲೆ ಯಾರೋ ದೂರು ಕೊಟ್ಟರು. ಕಾವಲಿನವರು ಹಿಡಿದು ಸೆರೆಮನೆಗೆ ತಂದರು. ಅಲ್ಲಿ ಬಾಗಿಲ ಬಳಿ ಒಂದು ಗಡಿಗೆ. ಒಳಗೆ ಬಂದವರ ಲೆಕ್ಕಕ್ಕೆ ಅದರಲ್ಲಿ ಒಂದೊಂದು ಹುಣಸೆಬೀಜ ಹಾಕಬೇಕೆಂದು ಅರಸನ ಅಪ್ಪಣೆ. ಇವನ ಪಾಲಿಗೂ ಒಂದು ಬಿತ್ತು.

ಮನೆಯಲ್ಲಿ ಹೆಂಡತಿ ಬಸುರಿ. ಹೆರಿಗೆಯ ಹೊತ್ತಿಗೆ ಅವಳ ಬಳಿ ಇರಬೇಕು ಎಂಬುದೊಂದೇ ಅವನ ಚಿಂತೆ. ನ್ಯಾಯಾಧಿಕಾರಿಯ ಮುಂದೆ ಒಮ್ಮೆ ಬಾಯಿ ಬಿಟ್ಟರೆ ಸಾಕು, ಎಲ್ಲ ಬಗೆಹರಿಯುತ್ತದೆ ಎಂದುಕೊಂಡಿದ್ದ. ಆದರೆ ನ್ಯಾಯದ ಚಾವಡಿಗೆ ಕರೆದೊಯ್ದ ದಿನ ದೂರು ಕೊಟ್ಟವನು ಸಂತೆಗೆ ಹೋಗಿದ್ದ. ಮತ್ತೊಂದು ದಿನ ಅಧಿಕಾರಿಗೆ ಜ್ವರ. ಇನ್ನೊಂದು ದಿನ ಇವನ ಸರದಿ ಬರುವಷ್ಟರಲ್ಲಿ ಹೊತ್ತು ಮುಳುಗಿತು. ಸಂಜೆ ಮರಳಿ ಅದೇ ಬಾಗಿಲು, ಗಡಿಗೆಗೆ ಮತ್ತೊಂದು ಬೀಜ. ಹೀಗೆ ಹೋಗಿ ಬರುವವರು ಅಲ್ಲಿ ಬಹಳ ಮಂದಿ.

“ಅಣ್ಣಾ, ನಾನು ಬೆಳಿಗ್ಗೆ ಇಲ್ಲಿಂದಲೇ ಹೋದವನಲ್ಲವಾ? ಮತ್ಯಾಕೆ ಹಾಕ್ತೀಯ?” ಎಂದು ಒಮ್ಮೆ ಕೇಳಿದ.

“ಬಂದವನಿಗೆ ಹಾಕು ಅಂದಿದ್ದಾರೆ, ಹಾಕ್ತೀನಿ. ಹೋದವನದ್ದು ತೆಗಿ ಅಂತ ಯಾರೂ ಹೇಳಿಲ್ಲ,” ಎಂದ ಬಾಗಿಲು ಕಾಯುವವನು. “ನೀನೋ ಮಾವನ ಮನೆಗೆ ಬಂದ ಹಾಗೆ ಬರ್ತಾನೇ ಇರ್ತೀಯ, ನಾನೇನು ಮಾಡಲಿ ಮಾರಾಯ.”

ಬುಟ್ಟಿಯವನು ನಕ್ಕು ಒಳಗೆ ಹೋದ.

ಹೆಂಡತಿಗೆ ದಿನ ತುಂಬುವ ಹೊತ್ತಿಗೆ ಯುಗಾದಿ ಬಂತು. ವರ್ಷದ ಲೆಕ್ಕ ನೋಡಲು ಗಡಿಗೆಯನ್ನು ಅರಸನ ಮುಂದೆ ಸುರಿದರು. ರಾಶಿ ನೋಡಿ ಅರಸ ಬೆಚ್ಚಿದ. ನಾಡಿನಲ್ಲಿ ಇಷ್ಟು ಕಳ್ಳರಿರುವಾಗ ಸಡಿಲ ಬಿಟ್ಟರೆ ಆಗದು, ಇನ್ನು ಮೇಲೆ ಸೆರೆಯಲ್ಲಿದ್ದ ಯಾರನ್ನೂ ಬಾಗಿಲು ದಾಟಿಸಬೇಡಿ, ಚಾವಡಿಗೂ ಬೇಡ ಎಂದ.

ಮಗಳು ಹುಟ್ಟಿದ ಸುದ್ದಿಯನ್ನು ಬುಟ್ಟಿಯವನು ಬಾಗಿಲು ಕಾಯುವವನ ಬಾಯಲ್ಲಿ ಕೇಳಿದ.

ಮರುವರ್ಷದ ಯುಗಾದಿಗೆ ನೋಡಿದರೆ ಗಡಿಗೆಯ ತಳವೂ ಮುಚ್ಚಿರಲಿಲ್ಲ. ಯಾರೂ ಹೊರಗೆ ಹೋಗಿರಲಿಲ್ಲ, ಹಾಗಾಗಿ ಮರಳಿ ಬಂದವರೂ ಇರಲಿಲ್ಲ. ಅರಸ ಹಿಗ್ಗಿದ. “ನೋಡಿದಿರಾ, ಬಿಗಿ ಮಾಡಿದ ಕೂಡಲೇ ಕಳ್ಳರು ಕಡಿಮೆಯಾದರು,” ಎಂದ. ನಾಟಿದ ಮದ್ದನ್ನು ಯಾರು ಬಿಡುತ್ತಾರೆ? ಅಪ್ಪಣೆ ಹಾಗೆಯೇ ನಿಂತಿತು. ಬುಟ್ಟಿಯವನೂ ಒಳಗೇ ಉಳಿದ.

ಗುರು ಕತೆ ಮುಗಿಸಿದರು.

“ಅಷ್ಟಕ್ಕೂ ಅವನು ಆ ಕರು ಕದ್ದಿದ್ದನೇ, ಗುರುಗಳೇ?”

“ಅದನ್ನು ಕೇಳಿದವನು ನೀನೇ ಮೊದಲು,” ಎಂದರು ಗುರು.