ಹೆಗ್ಗಣ ಇನಾಸ ಕೇಳಿದ ಅರ್ಧ ಪ್ರಸಂಗ

ಮಕ್ಕಳೇ, ಕಾಡಿನ ಅಂಚಿನಲ್ಲಿ ಒಂದು ಹಳೆಯ ಇಗರ್ಜಿ, ಅದರ ಹಿಂದೆ ಒಂದು ಕೆರೆ. ಕೆರೆಯ ದಂಡೆಯಲ್ಲಿ ರೆಮೆದಿ ಬಾಯಿ ಎಂಬ ಕೋಳಿ, ಜುವಾಂವ್ ಎಂಬ ಏಡಿ, ನತಾಲಜ್ಜಿ ಎಂಬ ಮುದಿ ಆಮೆ ಅಕ್ಕಪಕ್ಕದಲ್ಲೇ ಇದ್ದರು. ಇನಾಸ ಎಂಬ ಹೆಗ್ಗಣದ ಬಿಲ ಮಾತ್ರ ಇಗರ್ಜಿಯೊಳಗೆ, ಪಾದ್ರಿಗಳು ನಿಂತು ಪ್ರಸಂಗ ಹೇಳುವ ಜಾಗದ ಅಡಿಯಲ್ಲಿ. ಹಾಗಾಗಿ ಅವನು ತನ್ನನ್ನು ಅರ್ಧ ಪಾದ್ರಿಯೆಂದೇ ತಿಳಿದಿದ್ದ.

ಪಾದ್ರಿಗಳ ಬಳಿ ಇದ್ದದ್ದೇ ಒಂದು ಪ್ರಸಂಗ. ಅದನ್ನೇ ಪ್ರತಿ ಭಾನುವಾರ ಹೇಳುತ್ತಿದ್ದರು. "ಹಸಿದವರಿಗೆ ಕೊಡಿ, ದೇವರು ಮೆಚ್ಚುತ್ತಾನೆ" ಎನ್ನುವವರೆಗೆ ಇನಾಸ ಕಿವಿ ನಿಮಿರಿಸಿ ಕೇಳುತ್ತಿದ್ದ. ತನಗೆ ಬೇಕಾದದ್ದು ಸಿಕ್ಕಿತೆಂದು ಆಮೇಲೆ ಗೊರಕೆ ಹೊಡೆಯುತ್ತಿದ್ದ.

ಎದ್ದವನೇ ರೆಮೆದಿ ಬಾಯಿಯ ಮನೆಗೆ ಹೋಗುತ್ತಿದ್ದ.

"ಬಾಯಿ, ನಿಮಗೆ ಸ್ವರ್ಗ ಬೇಕೋ ಬೇಡವೋ?"

"ಬೇಕಪ್ಪ, ಯಾರಿಗೆ ಬೇಡ?"

"ಹಾಗಾದರೆ ಆ ನುಚ್ಚು ಇತ್ತ ತನ್ನಿ. ನಿಮ್ಮ ಪುಣ್ಯಕ್ಕಾಗಿ ನಾನು ಎಷ್ಟು ತಿನ್ನಬೇಕಾಗಿದೆ ನೋಡಿ! ನನ್ನ ಹೊಟ್ಟೆಯ ಕಷ್ಟ ನನಗೇ ಗೊತ್ತು."

ರೆಮೆದಿ ಬಾಯಿ ಪಾಪ, ಕೊಡುತ್ತಿದ್ದಳು. ಜುವಾಂವ್ ಕೂಡ ಕೊಡುತ್ತಿದ್ದ. ಗಾಡಿಯ ಚಕ್ರಕ್ಕೆ ಸಿಕ್ಕಿ ಕಾಲು ಮುರಿದುಕೊಂಡಿದ್ದ ನತಾಲಜ್ಜಿಗೆಂದು ಎತ್ತಿಟ್ಟದ್ದೂ ಹೀಗೆ ಇನಾಸನ ಹೊಟ್ಟೆ ಸೇರುತ್ತಿತ್ತು. ಅಜ್ಜಿ ಬಾಯಿಬಿಟ್ಟು ಕೇಳುವವಳಲ್ಲ. ಒಂದು ಬೆಳಗ್ಗೆ ಹಸಿವಿನಿಂದ ತಲೆ ಸುತ್ತಿ ಕೆಸರಿನಲ್ಲಿ ಬಿದ್ದಿದ್ದಳು. ಏಡಿ ಜುವಾಂವ್ ಅವಳನ್ನು ಎಳೆದು ತಂದ. ಅಜ್ಜಿಯ ಬತ್ತಿದ ಮುಖ ಕಂಡು ರೆಮೆದಿ ಬಾಯಿ ಗಳಗಳ ಅತ್ತುಬಿಟ್ಟಳು.

ಅದೇ ದಿನ ಜೋರು ಮಳೆ ಬಂದು ಕೆರೆಯ ಕಟ್ಟೆ ಬಿರುಕುಬಿಟ್ಟಿತು. ಕಟ್ಟೆ ಒಡೆದರೆ ಎಲ್ಲರ ಮನೆಯೂ ನೀರುಪಾಲು. ಜುವಾಂವ್ ಓಡಿಬಂದ.

"ಇನಾಸಣ್ಣ, ಬೇಗ ಬನ್ನಿ! ಮಣ್ಣು ಅಗೆಯುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ."

ಇನಾಸ ಮಗ್ಗುಲು ಬದಲಿಸಿದ. "ನೀವು ಅಗೆಯಿರಿ. ನಾನು ನಿಮಗಾಗಿ ಪ್ರಾರ್ಥಿಸುತ್ತೇನೆ. ಅದಕ್ಕಿಂತ ದೊಡ್ಡ ಕೆಲಸ ಯಾವುದಿದೆ?"

ಸಂಜೆಯವರೆಗೆ ರೆಮೆದಿ ಬಾಯಿ ಮಣ್ಣು ಕೆದಕಿದಳು, ಜುವಾಂವ್ ಹೊತ್ತು ಹಾಕಿದ. ಅಜ್ಜಿ ಕುಳಿತಲ್ಲಿಂದಲೇ ನೀರು ಒಸರುವ ಕಡೆ ತೋರಿಸಿದಳು. ಕಟ್ಟೆ ಉಳಿಯಿತು. ರೆಮೆದಿ ಬಾಯಿ ಬೇಯಿಸಿದ ಗಂಜಿಯ ಪರಿಮಳಕ್ಕೆ ಇನಾಸನ ಪ್ರಾರ್ಥನೆಯೂ ಮುಗಿಯಿತು.

"ಬನ್ನಿ, ಕೂರಿ, ಕಣ್ಣು ಮುಚ್ಚಿ" ಎಂದಳು ರೆಮೆದಿ ಬಾಯಿ. "ದೇವರೇ, ಇನಾಸನ ಹೊಟ್ಟೆ ತುಂಬಿಸು. ಆಮೆನ್."

ಇನಾಸ ಕಣ್ಣು ತೆರೆದು ನೋಡಿದರೆ ಮೂವರೂ ಆಗಲೇ ಉಂಡಿದ್ದರು, ಗಡಿಗೆ ಖಾಲಿ! "ನನ್ನ ಗಂಜಿ ಎಲ್ಲಿ?"

"ನೀವು ಕಟ್ಟೆಗೆ ಕೊಟ್ಟದ್ದನ್ನೇ ನಾವು ನಿಮ್ಮ ಹೊಟ್ಟೆಗೆ ಕೊಟ್ಟೆವು" ಎಂದಳು ರೆಮೆದಿ ಬಾಯಿ.

"ಅಜ್ಜಿಯೂ ಮಣ್ಣು ಹೊರಲಿಲ್ಲವಲ್ಲ!"

"ಅಜ್ಜಿಯ ಕಾಲು ಮುರಿದಿದೆ. ನಿಮಗೆ ನಾಲ್ಕೂ ಗಟ್ಟಿಯಾಗಿವೆ, ಉಗುರು ಬೇರೆ."

"ನಿಮಗೆಲ್ಲ ನರಕವೇ ಗತಿ!" ಎಂದು ಶಪಿಸಿ ಇನಾಸ ಬಿಲ ಸೇರಿದ. ಮರುದಿನ ಭಾನುವಾರ. ಹೊಟ್ಟೆ ಚುರುಗುಟ್ಟುತ್ತಿತ್ತು, ಎಷ್ಟು ಹೊರಳಾಡಿದರೂ ನಿದ್ದೆ ಬರಲಿಲ್ಲ. ಪಾಪ, ಜನ್ಮದಲ್ಲಿ ಮೊದಲ ಸಲ ಪ್ರಸಂಗವನ್ನು ಪೂರ್ತಿ ಕೇಳಬೇಕಾಯಿತು.

"ಆದರೆ," ಎನ್ನುತ್ತಿದ್ದರು ಪಾದ್ರಿಗಳು, "ಮೈಯಲ್ಲಿ ಕಸುವಿದ್ದೂ ಕೂತು ಉಣ್ಣುವವನು ಬಡವರ ಬಟ್ಟಲಿಗೇ ಕೈ ಹಾಕುತ್ತಾನೆ!"

ಇನಾಸನ ಮೀಸೆ ಜೋತುಬಿತ್ತು. ಹಿಂದಿನ ಸಂಜೆ ಕಂಡಿದ್ದ, ಕೆಸರು ಮೆತ್ತಿದ ಅಜ್ಜಿಯ ಮುಖ ಕಣ್ಣೆದುರು ಬಂತು. ಅವನು ಕಾಡಿಗೆ ಹೋಗಿ ಉಗುರು ನೋಯುವಷ್ಟು ಅಗೆದ. ಮಧ್ಯಾಹ್ನದ ಹೊತ್ತಿಗೆ ದೊಡ್ಡದೊಂದು ಗೆಡ್ಡೆ ತಂದು ಅಜ್ಜಿಯ ಮುಂದಿಟ್ಟ.

ಅಜ್ಜಿ ಅದನ್ನು ತಿರುಗಿಸಿ ನೋಡಿದಳು. "ಒಂದು ಬದಿ ಕಚ್ಚಿದ್ದೀಯಲ್ಲೋ!"

"ಒಂದೇ ದಿನದಲ್ಲಿ ಸಂತನಾಗಲು ಆಗುತ್ತದೆಯೇ, ಅಜ್ಜಿ?" ಎಂದ ಇನಾಸ.

ನೀತಿ: ದುಡಿಯಲಾಗದವರಿಗೆ ಕೊಟ್ಟದ್ದು ದಾನ, ದುಡಿಯಲೊಲ್ಲದವರಿಗೆ ಕೊಟ್ಟದ್ದು ಹಸಿದ ಇನ್ನೊಬ್ಬರ ಪಾಲು.